ಮನೆಯ ಗಾಡಿಯೂ ಓಟದ ಗಾಡಿಯೂ

ತಂದೆ ಬಿಟ್ಟುಹೋದ ವಸ್ತುವನ್ನು ಮಗನು ಎಷ್ಟರಮಟ್ಟಿಗೆ ಬದಲಾಯಿಸಬಹುದು? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಹೊಲಮನೆಗಳ ವಿಷಯದಲ್ಲಿ, ದೇವರ ಪೆಟ್ಟಿಗೆಯ ವಿಷಯದಲ್ಲಿ, ಒಡವೆಗಳ ವಿಷಯದಲ್ಲಿ ಕೇಳಿಕೊಂಡೇ ಬಂದಿದ್ದಾರೆ. ಅಜ್ಜಿಯ ಅಡ್ಡಿಕೆಯನ್ನು ಕರಗಿಸಿ ಮೊಮ್ಮಗಳಿಗೆ ಬಳೆ ಮಾಡಿಸುವಾಗ, ಅಕ್ಕಸಾಲೆಯ ಕುಲುಮೆಯ ಮುಂದೆ ಕುಳಿತ ಮನೆಯವರು ಒಂದು ಕ್ಷಣ ಹಿಂಜರಿಯುವುದುಂಟು. ಚಿನ್ನದ ತೂಕವೇನೂ ಕಡಿಮೆಯಾಗುವುದಿಲ್ಲ, ಹಾಕಿಕೊಳ್ಳುವವಳೂ ಪರಕೀಯಳಲ್ಲ, ಆದರೂ ಏನೋ ಹೋಗುತ್ತಿದೆಯೆಂದು ಮನಸ್ಸಿಗೆ ತೋರುತ್ತದೆ. ಹೋಗುತ್ತಿರುವುದು ಏನು? ಅದನ್ನು ಕಳೆಯುವ ಅಧಿಕಾರ ಯಾರದು? ಇವೆರಡನ್ನು ಕುರಿತು ಇಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇನೆ. ಅದಕ್ಕೆ ನಾನು ಆರಿಸಿಕೊಂಡಿರುವ ಉದಾಹರಣೆ ಮೇಲುನೋಟಕ್ಕೆ ತೀರ ಲಘುವಾದದ್ದು. ಸಂಸಾರವನ್ನು ಹೊತ್ತು ಮುದಿಯಾದ ಒಂದು ಮೋಟಾರು ಗಾಡಿಯನ್ನು ಮಗನು ರಿಪೇರಿ ಮಾಡಿಸಿ, ಅಷ್ಟಕ್ಕೆ ತೃಪ್ತನಾಗದೆ, ಅದನ್ನು ವೇಗದ ಓಟಕ್ಕೆ ಅಣಿಗೊಳಿಸುವುದು. ಅಮೆರಿಕೆಯಲ್ಲಿಯೂ ಯೂರೋಪಿನಲ್ಲಿಯೂ ಇದು ಒಂದು ದೊಡ್ಡ ಹವ್ಯಾಸ. ಮೋಟಾರಿನಲ್ಲಿ ಧರ್ಮಜಿಜ್ಞಾಸೆಗೆ ಏನಿದೆ ಎಂದು ವಾಚಕರು ನಗಬಹುದು. ಒಡವೆ ಮಾತನಾಡುವುದಿಲ್ಲ, ಮೂಲೆಯಲ್ಲಿ ಸುಮ್ಮನೆ ಇರುತ್ತದೆ. ಗಾಡಿಯಾದರೋ ನಾಲ್ಕು ಜನರನ್ನು ಹೊತ್ತು ಬೀದಿಯಲ್ಲಿ ಓಡುವುದು. ಆದುದರಿಂದ ಪ್ರಶ್ನೆ ಇಲ್ಲಿ ಹೆಚ್ಚು ತೊಡಕಾಗುತ್ತದೆ.

ಸ್ಟೇಷನ್ ವ್ಯಾಗನ್ ಎಂಬ ಹೆಸರು ಅಮೆರಿಕೆಯಲ್ಲಿ ಹುಟ್ಟಿದ್ದು. ರೈಲು ನಿಲ್ದಾಣದಲ್ಲಿ ಇಳಿದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಊರೊಳಕ್ಕೆ ಸಾಗಿಸುತ್ತಿದ್ದ ಗಾಡಿಗಳಿಗೆ ಅದು ಸಹಜವಾದ ಹೆಸರು. ಮೊದಮೊದಲು ಅವುಗಳ ಮೈ ಮರದ್ದಾಗಿತ್ತು. ೧೯೨೯ರಲ್ಲಿ ಫೋರ್ಡ್ ಕಂಪೆನಿಯವರು ತಮ್ಮ ಮಾಡೆಲ್ ಎ ಗಾಡಿಯಲ್ಲಿ ಇಂಥದೊಂದನ್ನು ತಾವೇ ಮಾರಾಟಕ್ಕೆ ತಂದರು. ಇಂಗ್ಲಿಷರು ಇದನ್ನೇ ಎಸ್ಟೇಟ್ ಕಾರ್ ಎಂದರು. ಮರ ಹೋಗಿ ಉಕ್ಕು ಬಂದ ಮೇಲೆಯೂ ಆಕಾರ ಉಳಿಯಿತು: ಮಾಡು ಹಿಂದಿನ ತುದಿಯವರೆಗೂ ನೇರವಾಗಿ ಚಾಚಿರುತ್ತದೆ, ಹಿಂಬದಿಯಲ್ಲಿಯೇ ಒಂದು ಬಾಗಿಲು, ಹಿಂದಿನ ಆಸನವನ್ನು ಮಡಿಸಿದರೆ ಮಂಚ ಹಿಡಿಸುವಷ್ಟು ಸ್ಥಳ. ನಮ್ಮ ದೇಶದಲ್ಲಿ ಈ ಜಾತಿ ಬೇರು ಬಿಡಲಿಲ್ಲ. ಅಂಬಾಸಡರ್ ಎಸ್ಟೇಟ್ ಒಂದಿತ್ತು; ೧೯೯೨ರಲ್ಲಿ ಟಾಟಾ ಎಸ್ಟೇಟ್ ಬಂತು; ಎರಡೂ ಹೋದುವು. ಆದಕಾರಣ ಈ ಗಾಡಿ ಮನೆಮಾತಾಗಿರುವ ನಾಡಿಗೇ ಹೋಗಿ ನೋಡುವುದು ಯುಕ್ತ.

ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಲ್ಲಿ ೧೯೨೭ರಿಂದ ಗಾಡಿಗಳನ್ನು ತಯಾರಿಸುತ್ತಿರುವ ವೋಲ್ವೊ ಕಂಪೆನಿ ೧೯೫೩ರಲ್ಲಿ ಡ್ಯೂಯೆಟ್ ಎಂಬ ಗಾಡಿಯನ್ನು ಹೊರತಂದಿತು. ಇಬ್ಬರು ಕೂಡಿ ಹಾಡುವ ಹಾಡು ಎಂದು ಆ ಶಬ್ದದ ಅರ್ಥ. ಕೆಲಸದ ದಿನಕ್ಕೂ ಬಿಡುವಿನ ದಿನಕ್ಕೂ ಒಂದೇ ಗಾಡಿ ಎಂದು ತಾತ್ಪರ್ಯ. ಆ ವಂಶದಲ್ಲಿ ೧೯೭೪ರಿಂದ ೧೯೯೩ರವರೆಗೆ ನಡೆದುಬಂದದ್ದು ೨೪೦ ಎಂಬ ಮಾಲೆ. ಅದರ ಉದ್ದ ಬೆನ್ನಿನ ಗಾಡಿಗೆ ಮೊದಲಿಗೆ ೨೪೫ ಎಂದು ಹೆಸರಿಟ್ಟರು. ನಾಲ್ಕು ಸಿಲಿಂಡರು, ಐದು ಬಾಗಿಲು ಎಂಬುದನ್ನು ಆ ಕೊನೆಯ ಎರಡು ಅಂಕೆಗಳು ಹೇಳುತ್ತವೆ. ಸೌಂದರ್ಯವನ್ನು ಬಯಸಿ ಅದನ್ನು ಯಾರೂ ಕೊಂಡವರಲ್ಲ. ಅಳತೆಪಟ್ಟಿ ಹಿಡಿದು ಗೆರೆ ಎಳೆದಂತೆ ಚೌಕವಾದ ಮೈ, ಆತುರವಿಲ್ಲದ ಎಂಜಿನು, ಪಕ್ಕದವರು ನೋಡಿ ಅಸೂಯೆಪಡದ ಮುಖ. ಆದರೆ ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕು. ಕುಳಿತವರ ಎದೆಯನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿಯುವ ಪಟ್ಟಿ. ಈ ಪಟ್ಟಿಯನ್ನು ಅದೇ ಕಂಪೆನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿ ೧೯೫೯ರಲ್ಲಿ ಬಳಕೆಗೆ ತಂದುದು, ಮತ್ತು ಕಂಪೆನಿಯವರು ಇತರ ತಯಾರಕರೂ ಅದನ್ನು ಉಪಯೋಗಿಸಲು ಬಿಟ್ಟುಕೊಟ್ಟುದು, ಈಗ ಎಲ್ಲರೂ ಬಲ್ಲ ಸಂಗತಿ.

ಆ ಗಾಡಿಯ ಒಂದು ಅಂಗವನ್ನು ವಿಶೇಷವಾಗಿ ಹೇಳಬೇಕು. ಸಾಮಾನು ತುಂಬುವ ಜಾಗದಲ್ಲಿ, ಬೇಕೆಂದವರಿಗೆ, ಮಕ್ಕಳಿಗಾಗಿ ಇನ್ನೊಂದು ಆಸನವನ್ನು ಕೂಡಿಸಿಕೊಡುತ್ತಿದ್ದರು. ಅದರ ಮುಖ ಹಿಂದಕ್ಕೆ. ದೊಡ್ಡವರು ಮುಂದೆ ಬರುವ ದಾರಿಯನ್ನು ನೋಡುತ್ತಿದ್ದರೆ, ಅಲ್ಲಿ ಕುಳಿತ ಎರಡು ಮಕ್ಕಳು ಕಳೆದುಹೋದ ದಾರಿಯನ್ನು ನೋಡುತ್ತಿದ್ದವು. ಒಂದು ತಲೆಮಾರಿನ ಸ್ವೀಡಿಷ್ ಮತ್ತು ಅಮೆರಿಕನ್ ಮಕ್ಕಳಿಗೆ ಪ್ರಯಾಣವೆಂದರೆ ಮರಗಳು ದೂರ ಸರಿದು ಸಣ್ಣದಾಗುವ ದೃಶ್ಯವೇ. ಇಂದು ಆ ಹಳೆಯ ಗಾಡಿಗಳನ್ನು ಕೊಟ್ಟಿಗೆಯಿಂದ ಹೊರಗೆಳೆದು ಬಿಚ್ಚುತ್ತಿರುವವರಲ್ಲಿ ಆ ಮಕ್ಕಳೂ ಇದ್ದಾರೆ.

ಬಿಚ್ಚಿದಾಗ ಸಿಕ್ಕುವುದು ಬಹುಮಟ್ಟಿಗೆ ತುಕ್ಕು. ಚಳಿಗಾಲದಲ್ಲಿ ರಸ್ತೆಯ ಹಿಮವನ್ನು ಕರಗಿಸಲು ಉಪ್ಪು ಹಾಕುವ ದೇಶಗಳಲ್ಲಿ ಗಾಡಿಯ ಅಡಿಭಾಗ ಒಳಗಿಂದೊಳಗೇ ಕೊರೆದುಹೋಗಿರುತ್ತದೆ. ೧೯೮೦ರ ದಶಕದ ಮೊದಲ ಭಾಗದ ಗಾಡಿಗಳಲ್ಲಿ ಇನ್ನೊಂದು ತೊಂದರೆಯುಂಟು: ವಿದ್ಯುತ್ತಂತಿಗಳ ಮೇಲಿನ ಹೊದಿಕೆ ಎಂಜಿನಿನ ಕಾವಿಗೆ ಬಿರಿದು ಒಣ ಹುಣಿಸೆ ಸಿಪ್ಪೆಯಂತೆ ಉದುರುತ್ತದೆ; ಒಂದು ತಂತಿ ಇನ್ನೊಂದಕ್ಕೆ ತಗುಲಿ ಗಾಡಿ ಹುಚ್ಚಾಟವಾಡುತ್ತದೆ. ರಬ್ಬರಿನ ಬುಷ್‌ಗಳು ಕಲ್ಲಾಗಿರುತ್ತವೆ. ಇವನ್ನೆಲ್ಲ ಸರಿಪಡಿಸುವುದಕ್ಕೆ ಯಾರ ಆಕ್ಷೇಪಣೆಯೂ ಇರಲಾರದು. ತೊಡಕು ಹುಟ್ಟುವುದು ಆಮೇಲೆ. ಎಂಜಿನನ್ನು ಹೇಗೂ ಇಳಿಸಿಯಾಗಿದೆ. ಅದೇ ಕಂಪೆನಿಯ ಮುಂದಿನ ಗಾಡಿಗಳಲ್ಲಿದ್ದ ಟರ್ಬೊ ಎಂಜಿನನ್ನು ಏಕೆ ಏರಿಸಬಾರದು? ಹೊರಹೋಗುವ ಹೊಗೆಯ ಒತ್ತಡದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಗಾಳಿಯನ್ನು ಅದುಮಿ ಎಂಜಿನಿಗೆ ಊಡಿಸುವ ಉಪಾಯವದು. ಹೆಚ್ಚು ಗಾಳಿ ಸಿಕ್ಕಿದರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ತಾನೇ ಗೇರು ಬದಲಾಯಿಸುವ ಪೆಟ್ಟಿಗೆಯನ್ನು ತೆಗೆದು ಕೈಯಿಂದ ಬದಲಾಯಿಸುವುದನ್ನು ಕೂಡಿಸಿದರೆ ಆಗದೆ? ಸ್ಪ್ರಿಂಗುಗಳನ್ನು ಗಿಡ್ಡವಾಗಿಯೂ ಬಿಗಿಯಾಗಿಯೂ ಮಾಡಿದರೆ, ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ವಾಲದಂತೆ ಹಿಡಿಯುವ ಅಡ್ಡ ಸರಳನ್ನು ದಪ್ಪಗೊಳಿಸಿದರೆ? ಒಂದೊಂದೂ ಸಣ್ಣ ಹೆಜ್ಜೆ. ಯಾವ ಹೆಜ್ಜೆಯಲ್ಲಿ ನಿಂತು ಸಾಕು ಎನ್ನಬೇಕೆಂಬುದು ಕೈಯಲ್ಲಿ ಸ್ಪಾನರು ಹಿಡಿದವನಿಗೆ ತಿಳಿಯುವುದಿಲ್ಲ.

ಹೀಗೆ ಎಲ್ಲವೂ ಬದಲಾದ ಮೇಲೆ ಅದು ತಂದೆಯ ಗಾಡಿಯೋ, ಬೇರೊಂದೋ? ತತ್ತ್ವಶಾಸ್ತ್ರದಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಗ್ರೀಕ್ ವೀರ ಥೀಸಿಯಸನ ನಾವೆಯನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದು, ಕೊಳೆತ ಹಲಗೆಗಳನ್ನು ಒಂದೊಂದಾಗಿ ತೆಗೆದು ಹೊಸವನ್ನು ಹಾಕುತ್ತಿದ್ದರೆಂದೂ, ಅದು ಅದೇ ನಾವೆಯೇ ಎಂದು ತಾರ್ಕಿಕರು ವಾದಿಸುತ್ತಿದ್ದರೆಂದೂ ಪ್ಲುಟಾರ್ಕನು ಬರೆದಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಹಾಬ್ಸನು ಅದಕ್ಕೆ ಒಂದು ಚಮತ್ಕಾರವನ್ನು ಸೇರಿಸಿದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟುಕೊಂಡು ಅದೇ ಕ್ರಮದಲ್ಲಿ ಜೋಡಿಸಿದರೆ, ಆಗ ಯಾವುದು ಥೀಸಿಯಸನ ನಾವೆ? ನಮ್ಮ ಕಡೆ ಮಿಲಿಂದ ರಾಜನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದ ಪ್ರಸಿದ್ಧವಾಗಿದೆ. ಅಚ್ಚು ರಥವೋ, ಚಕ್ರ ರಥವೋ, ನೊಗ ರಥವೋ ಎಂದು ಒಂದೊಂದನ್ನೂ ಕೇಳಿ, ಯಾವುದೂ ಅಲ್ಲವೆಂದು ರಾಜನಿಂದಲೇ ಹೇಳಿಸಿ, ರಥವೆಂಬುದು ಇವುಗಳ ಕೂಟಕ್ಕೆ ನಾವಿಟ್ಟ ವ್ಯವಹಾರದ ಹೆಸರೆಂದು ನಾಗಸೇನನು ನಿಲ್ಲಿಸುತ್ತಾನೆ. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅವಯವಗಳಿಂದ ಬೇರೆಯಾದ ಅವಯವಿ ನಿಜವಾಗಿಯೂ ಉಂಟೆಂಬುದು ಅವರ ಪಕ್ಷ. ಆದರೆ ಆ ಪಕ್ಷವನ್ನು ಹಿಡಿದವರು ಬಹು ಕಠಿನವಾದ ಬೆಲೆಯನ್ನು ತೆರಬೇಕಾಯಿತು: ಬಟ್ಟೆಯ ಒಂದು ತುಂಡು ಹರಿದರೆ ಹಿಂದಿನ ಬಟ್ಟೆ ನಾಶವಾಗಿ ಖಂಡಪಟವೆಂಬ ಹೊಸ ಬಟ್ಟೆಯೇ ಹುಟ್ಟಿತೆಂದು ಅವರು ಹೇಳಬೇಕಾಯಿತು. ಹಾಗೆ ನೋಡಿದರೆ ತುಕ್ಕು ಹಿಡಿದು ಒಂದು ಚೂರು ಉದುರಿದಾಗಲೆಲ್ಲ ತಂದೆಯ ಗಾಡಿ ತಂದೆಯ ಕಾಲದಲ್ಲಿಯೇ ನೂರು ಸಲ ನಾಶವಾಗಿದೆ. ಮಗನ ಸ್ಪಾನರನ್ನು ದೂರುವುದರಲ್ಲಿ ಅರ್ಥವಿಲ್ಲ.

ಈ ಚರ್ಚೆಗಳನ್ನು ನಾನು ಗೌರವದಿಂದಲೇ ಓದಿದ್ದೇನೆ. ಆದರೆ ನಮ್ಮ ಪ್ರಶ್ನೆಗೆ ಇವುಗಳಿಂದ ದೊರೆಯುವ ಸಹಾಯ ಅಲ್ಪವೆಂದು ಹೇಳಬೇಕಾಗಿದೆ. ಗಾಡಿ ‘ಅದೇ’ ಎಂದು ಸಿದ್ಧವಾದರೂ ಅದನ್ನು ಕೆಡಿಸಿರಬಹುದು; ‘ಬೇರೆ’ ಎಂದು ಸಿದ್ಧವಾದರೂ ಯಾರಿಗೂ ಅನ್ಯಾಯವಾಗದಿರಬಹುದು. ತರ್ಕದ ಪ್ರಶ್ನೆ ಒಂದು, ಧರ್ಮದ ಪ್ರಶ್ನೆ ಇನ್ನೊಂದು. ಅಡ್ಡಿಕೆಯನ್ನು ಕರಗಿಸುವಾಗ ಹಿಂಜರಿದ ಮನೆಯವರಿಗೆ ಅವಯವಿಯ ಚಿಂತೆ ಇರಲಿಲ್ಲ. ಅಜ್ಜಿಗೆ ನಾವು ಸಲ್ಲಿಸಬೇಕಾದದ್ದು ಸಂದಿತೇ ಎಂಬುದು ಅವರ ಚಿಂತೆ.

ಜೀರ್ಣೋದ್ಧಾರವೆಂಬ ಶಬ್ದವನ್ನು ನಾವು ದೇವಾಲಯಗಳಿಗೆ ಸಲೀಸಾಗಿ ಬಳಸುತ್ತೇವೆ. ಕಟ್ಟಡವನ್ನು ಬಿಚ್ಚುವ ಮೊದಲು ಮೂರ್ತಿಯ ಕಲೆಯನ್ನು ಕುಂಭಕ್ಕೆ ಆವಾಹಿಸಿ, ಕೆಲಸ ಮುಗಿದ ಮೇಲೆ ಮರಳಿ ಪ್ರತಿಷ್ಠೆ ಮಾಡುವ ವಿಧಿ ಆಗಮಗಳಲ್ಲಿದೆ. ಪುರಿಯಲ್ಲಿ ಜಗನ್ನಾಥನ ಮರದ ಮೂರ್ತಿಯನ್ನೇ ಹೊಸದಾಗಿ ಕೆತ್ತಿ ಹಳೆಯದನ್ನು ಹೂಳುತ್ತಾರೆ; ೧೯೯೬ರಲ್ಲಿ ಹೀಗಾಯಿತು, ಮತ್ತೆ ೨೦೧೫ರಲ್ಲಿ ಆಯಿತು. ಮರ ಹೊಸದು, ಒಳಗೆ ಇಡುವ ಬ್ರಹ್ಮಪದಾರ್ಥ ಮಾತ್ರ ಹಳೆಯದರಿಂದ ಹೊಸದಕ್ಕೆ ಸಾಗುತ್ತದೆ. ಆ ವಿಧಿಯ ಹಿಂದಿರುವ ವಿವೇಕವನ್ನು ನಾನು ಹೀಗೆ ತಿಳಿಯುತ್ತೇನೆ: ಯಾವುದನ್ನು ಬಿಡಬಾರದೆಂದು ಮೊದಲು ನಿಶ್ಚಯಿಸಿಕೊಂಡವನಿಗೆ ಮಿಕ್ಕದ್ದನ್ನು ಬದಲಾಯಿಸುವುದರಲ್ಲಿ ಭಯವಿಲ್ಲ. ಮನೆಯ ಗಾಡಿಯಲ್ಲಿ ಹಾಗೆ ಬಿಡಬಾರದ್ದು ಯಾವುದು?

ಹಳೆಯ ಗಾಡಿಗಳನ್ನು ಬಲ್ಲವರಲ್ಲಿ ಒಂದು ಪಂಥದವರು ಇದಕ್ಕೆ ಸಿದ್ಧವಾದ ಉತ್ತರ ಕೊಡುತ್ತಾರೆ: ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿ. ಹಳೆಯ ವಾಹನಗಳ ರಕ್ಷಣೆಗಾಗಿ ೧೯೬೬ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಒಕ್ಕೂಟವೊಂದಿದೆ. ಫೀವಾ ಎಂದು ಅದನ್ನು ಕರೆಯುತ್ತಾರೆ. ೨೦೧೨ರಲ್ಲಿ ಅದು ಟ್ಯೂರಿನ್ ಸನ್ನದು ಎಂಬ ನಿಬಂಧನೆಗಳನ್ನು ಅಂಗೀಕರಿಸಿತು. ಕಡಮೆಯೆಂದರೆ ಮೂವತ್ತು ವರ್ಷ ವಯಸ್ಸಾಗಿ, ಇತಿಹಾಸಕ್ಕೆ ಸಮ್ಮತವಾದ ಸ್ಥಿತಿಯಲ್ಲಿ ಉಳಿದು, ದಿನಬಳಕೆಗೆ ಒಳಗಾಗದೆ ಇರುವುದೇ ಅದರ ಲೆಕ್ಕದಲ್ಲಿ ಐತಿಹಾಸಿಕ ವಾಹನ. ವಸ್ತುಸಂಗ್ರಹಾಲಯಗಳ ದೃಷ್ಟಿಯಿಂದ ಇದು ಒಪ್ಪತಕ್ಕ ಮಾತು. ನಮ್ಮ ಧರ್ಮಸ್ಥಳದಲ್ಲಿ ಸಾಲಾಗಿ ನಿಂತಿರುವ ಹಳೆಯ ಕಾರುಗಳನ್ನು ನೋಡಿದವರು ಅಲ್ಲಿ ಯಾವುದಾದರೊಂದಕ್ಕೆ ಟರ್ಬೊ ಹಾಕಬೇಕೆಂದು ಬಯಸಲಾರರು. ಆ ಗಾಡಿಗಳು ತಮ್ಮ ಕಾಲಕ್ಕೆ ಸಾಕ್ಷಿಯಾಗಿ ನಿಂತಿವೆ. ಸಾಕ್ಷಿಯ ಮಾತನ್ನು ತಿದ್ದಬಾರದು.

ಆದರೆ ಮನೆಯ ಗಾಡಿಯ ವಿಷಯದಲ್ಲಿ ಈ ಉತ್ತರ ಸಲ್ಲದೆಂದು ನನಗೆ ತೋರುತ್ತದೆ. ಕಾರ್ಖಾನೆಯಿಂದ ಹೊರಬಂದ ದಿನ ಅದು ಯಾರ ಮನೆಯ ಗಾಡಿಯೂ ಆಗಿರಲಿಲ್ಲ. ಆಸನದ ಮೇಲೆ ಮಗು ಚೆಲ್ಲಿದ ಹಾಲಿನ ಕಲೆ, ನಾಯಿ ಗೀರಿದ ಗುರುತು, ತಾಯಿ ಕೈಯಿಟ್ಟು ಕೈಯಿಟ್ಟು ನುಣುಪಾದ ಬಾಗಿಲ ಹಿಡಿ, ಇವು ಬಂದ ಮೇಲಲ್ಲವೆ ಅದು ಮನೆಯದಾದದ್ದು? ಶುದ್ಧಿವಾದಿಗಳು ಮೊದಲು ಅಳಿಸುವುದು ಇವನ್ನೇ. ಹೊಸ ಬಣ್ಣ, ಹೊಸ ಹೊದಿಕೆ, ಹೊಸ ಹಿಡಿ. ಎಲ್ಲವೂ ಮೂಲಕ್ಕೆ ಸರಿಯಾಗಿ. ಇಂಗ್ಲೆಂಡಿನಲ್ಲಿ ರಸ್ಕಿನ್ ೧೮೪೯ರ ತನ್ನ ಗ್ರಂಥದಲ್ಲಿ ಹಳೆಯ ಕಟ್ಟಡಗಳ ‘ಪುನರುದ್ಧಾರ’ವನ್ನು ಖಂಡಿಸಿದ್ದೂ, ೧೮೭೭ರಲ್ಲಿ ಮಾರಿಸ್ ಮೊದಲಾದವರು ಪುರಾತನ ಕಟ್ಟಡಗಳ ರಕ್ಷಣೆಗಾಗಿ ಸಂಘ ಕಟ್ಟಿದ್ದೂ ಇಂಥ ಕಾರಣಕ್ಕೇ. ಕಾಲವು ವಸ್ತುವಿನ ಮೇಲೆ ಬರೆದದ್ದನ್ನು ಒರೆಸಿ, ಎಂದೂ ಇಲ್ಲದ ಒಂದು ಪೂರ್ಣತೆಯನ್ನು ಹಚ್ಚುವುದು ಅವರಿಗೆ ಸುಳ್ಳೆಂದು ಕಂಡಿತು. ಗಾಡಿಯ ಎಂಜಿನನ್ನು ಬದಲಾಯಿಸಿ ಹಾಲಿನ ಕಲೆಯನ್ನು ಉಳಿಸಿಕೊಂಡ ಮಗನು ಒಬ್ಬ. ಎಂಜಿನನ್ನು ಉಳಿಸಿ ಕಲೆಯನ್ನು ಅಳಿಸಿ ಪ್ರದರ್ಶನದಲ್ಲಿ ಬಹುಮಾನ ಪಡೆದ ಮಗನು ಇನ್ನೊಬ್ಬ. ಇವರಲ್ಲಿ ತಂದೆಗೆ ಹತ್ತಿರದವನು ಮೊದಲನೆಯವನೆಂದು ನಾನು ಹೇಳುವೆನು.

ಇನ್ನು ವೇಗದ ಮಾತು. ವೇಗವೆಂದರೆ ಮದ, ಮದವೆಂದರೆ ಅಧರ್ಮ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ, ಅದು ನ್ಯಾಯವಲ್ಲ. ಚೆನ್ನಾಗಿ ಓಡಿಸಬಲ್ಲವರ ಅನುಭವ ಬೇರೆಯಾಗಿದೆ. ಗಾಡಿಯ ಭಾರ ಬ್ರೇಕು ಒತ್ತಿದಾಗ ಮುಂದಿನ ಚಕ್ರಗಳಿಗೆ ಸರಿಯುತ್ತದೆ, ತಿರುಗಿಸಿದಾಗ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಅಂಗೈಯಗಲದ ನಾಲ್ಕು ರಬ್ಬರು ತುಂಡುಗಳಷ್ಟೇ ನೆಲವನ್ನು ಹಿಡಿದಿವೆ. ಬ್ರೇಕಿಗೂ ತಿರುವಿಗೂ ಆ ಹಿಡಿತವನ್ನು ಹಂಚಬೇಕು. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಇಲ್ಲ. ಇದನ್ನು ಮೈಯಿಂದ ಕಲಿತವನು ಮಳೆಯ ರಸ್ತೆಯಲ್ಲಿ ಸಾಮಾನ್ಯರಿಗಿಂತ ನಿಧಾನವಾಗಿ ಹೋಗುವುದನ್ನೂ ಕಲಿತಿರುತ್ತಾನೆ. ಲೆಕ್ಕವೂ ಹೀಗೆಯೇ ಹೇಳುತ್ತದೆ. ಸುಮಾರು ೧,೪೦೦ ಕಿಲೊಗ್ರಾಂ ತೂಗುವ ಗಾಡಿ ಗಂಟೆಗೆ ೧೦೦ ಕಿಲೊಮೀಟರಿನಂತೆ ಹೋಗುತ್ತಿರುವಾಗ ಅದನ್ನು ನಿಲ್ಲಿಸಬೇಕಾದರೆ, ಒಂದೂವರೆ ಲೀಟರಿಗೂ ಮೀರಿದ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖವನ್ನು ಬ್ರೇಕುಗಳು ನುಂಗಬೇಕು. ವೇಗ ೨೦೦ ಆದರೆ ಶಾಖ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಆದುದರಿಂದ ಈ ವಿದ್ಯೆಯನ್ನು ಬಲ್ಲವರು ಎಂಜಿನಿಗೆ ಕೈಹಾಕುವ ಮೊದಲು ಬ್ರೇಕು, ಟೈರು, ಷಾಕ್ ಅಬ್ಸಾರ್ಬರುಗಳನ್ನು ಸರಿಪಡಿಸುತ್ತಾರೆ. ಎಂಜಿನಿನಿಂದ ಆರಂಭಿಸುವವನ ಗಾಡಿಯಲ್ಲಿ ಕುಳಿತುಕೊಳ್ಳದಿರುವುದು ಒಳ್ಳೆಯದು.

ಗಾಡಿಯನ್ನು ವೇಗಕ್ಕೆ ಅಣಿಗೊಳಿಸುವುದು ಅದರ ಸ್ವಭಾವಕ್ಕೆ ವಿರುದ್ಧವೇ? ಈ ಜಾತಿಯ ಗಾಡಿಯನ್ನು ಕಂಡು ನಗುವವರಿಗೆ ೧೯೯೪ರ ಬ್ರಿಟಿಷ್ ಟೂರಿಂಗ್ ಕಾರ್ ಪಂದ್ಯಗಳನ್ನು ನೆನಪಿಸಬಹುದು. ಆ ವರ್ಷ ವೋಲ್ವೊ ಕಂಪೆನಿಯು ಟಾಮ್ ವಾಕಿನ್‌ಷಾನ ತಂಡದ ಮೂಲಕ ೮೫೦ ಎಂಬ ತನ್ನ ಎಸ್ಟೇಟ್ ಗಾಡಿಯನ್ನೇ ಪಂದ್ಯಕ್ಕಿಳಿಸಿತು. ರಿಕಾರ್ಡ್ ರೈಡೆಲ್ ಮತ್ತು ಯಾನ್ ಲಾಮ್ಮರ್ಸ್ ಓಡಿಸಿದರು. ಗೆಲುವೇನೂ ದೊರೆಯಲಿಲ್ಲ, ಐದನೆಯ ಸ್ಥಾನಕ್ಕಿಂತ ಮೇಲೆ ಏರಲಿಲ್ಲ. ಮರು ವರ್ಷ ಗಾಳಿಯ ಒತ್ತಡವನ್ನು ಬಳಸುವ ರೆಕ್ಕೆಗಳಿಗೆ ನಿಯಮದಲ್ಲಿ ಅವಕಾಶವಾದಾಗ ಉದ್ದ ಮಾಡಿನ ಗಾಡಿ ಹಿಂದೆ ಸರಿದು ಸಾಮಾನ್ಯ ಆಕಾರದ್ದು ಬಂತು. ಪಂದ್ಯಕ್ಕೆ ಮುಂಚಿನ ಮೆರವಣಿಗೆಯಲ್ಲಿ ಆ ಗಾಡಿಯ ಹಿಂಬದಿಯಲ್ಲಿ ಬಟ್ಟೆಯ ದೊಡ್ಡದೊಂದು ನಾಯಿಬೊಂಬೆಯನ್ನು ಕೂರಿಸಿಕೊಂಡು ಹೋದರೆಂಬ ಕಥೆ ಅಲ್ಲಿ ಜನಜನಿತವಾಗಿದೆ. ಅದು ಬರಿಯ ಹಾಸ್ಯವಾಗಿ ನನಗೆ ಕಾಣುವುದಿಲ್ಲ. ಒಳಗೆ ಆಸನಗಳಿರಲಿಲ್ಲ, ಉಕ್ಕಿನ ಪಂಜರವೊಂದೇ. ಆ ಖಾಲಿ ಜಾಗ ಯಾರಿಗೆ ಸೇರಿದ್ದೆಂಬುದು ಓಟದವರಿಗೂ ಗೊತ್ತಿತ್ತು.

ಇದಕ್ಕೆ ಪ್ರತಿಯಾಗಿ ಪಾಲ್ ನ್ಯೂಮನ್ನನ ಗಾಡಿಯನ್ನು ನೋಡಬಹುದು. ಆ ಪ್ರಸಿದ್ಧ ನಟನು ನುರಿತ ಓಟಗಾರನೂ ಆಗಿದ್ದು, ೧೯೭೯ರ ಲೆ ಮಾನ್ಸ್ ಪಂದ್ಯದಲ್ಲಿ ಅವನ ತಂಡಕ್ಕೆ ಎರಡನೆಯ ಸ್ಥಾನ ದೊರೆತಿತ್ತು. ವೋಲ್ವೊ ೯೬೦ ಎಸ್ಟೇಟಿನಲ್ಲಿ ಫೋರ್ಡಿನ ಎಂಟು ಸಿಲಿಂಡರಿನ ಎಂಜಿನನ್ನು ಕೂರಿಸಿಕೊಂಡು ಅವನು ಓಡಾಡುತ್ತಿದ್ದ. ಹೊರಗಿನಿಂದ ನೋಡಿದರೆ ತರಕಾರಿ ತರಲು ಹೊರಟ ಗೃಹಸ್ಥನ ಗಾಡಿಯೇ. ಅದರಲ್ಲಿ ತರಕಾರಿಯನ್ನು ತರಲೂಬಹುದಾಗಿತ್ತು. ಇವೆರಡು ಗಾಡಿಗಳಲ್ಲಿ ಕಾರ್ಖಾನೆಯ ಮೂಲಕ್ಕೆ ಹೆಚ್ಚು ವಿರುದ್ಧವಾದ ಎಂಜಿನು ಇದ್ದದ್ದು ನ್ಯೂಮನ್ನನದರಲ್ಲಿ. ಮನೆಯ ಗಾಡಿಯಾಗಿ ಉಳಿದದ್ದೂ ಅದೇ.

ನನ್ನ ಅಭಿಪ್ರಾಯ ಇಷ್ಟರಲ್ಲಿ ವಾಚಕರಿಗೆ ತಿಳಿದಿರಬಹುದು. ಮನೆಯ ಗಾಡಿಯ ಬ್ರಹ್ಮಪದಾರ್ಥವಿರುವುದು ಎಂಜಿನಿನಲ್ಲಿ ಅಲ್ಲ, ಬಣ್ಣದಲ್ಲಿ ಅಲ್ಲ, ಹಿಂದಿನ ಆಸನದಲ್ಲಿ. ತನ್ನ ಹೊರತು ಇತರರಿಗಾಗಿ ತಂದೆ ಅದನ್ನು ಕೊಂಡನು. ಒಬ್ಬನೇ ಹೋಗುವುದಾಗಿದ್ದರೆ ಅಷ್ಟು ಉದ್ದದ ಗಾಡಿ ಅವನಿಗೇಕೆ? ಓಟಕ್ಕೆ ಅಣಿಗೊಳಿಸುವವನಿಗೆ ಎಲ್ಲಕ್ಕಿಂತ ಮೊದಲು ಭಾರವಾಗಿ ತೋರುವುದೂ ಆ ಆಸನವೇ. ಅದನ್ನು ಕಿತ್ತರೆ ತೂಕ ಇಳಿಯುತ್ತದೆ. ಆ ಜಾಗದಲ್ಲಿ ಕೊಳವೆಗಳ ಪಂಜರವನ್ನು ಬೆಸೆದರೆ ಮೈ ಬಿಗಿಯಾಗುತ್ತದೆ, ಉರುಳಿದರೂ ಓಡಿಸುವವನು ಬದುಕುತ್ತಾನೆ. ಆದರೆ ಅದೇ ಪಂಜರ ತಲೆಗವಚವಿಲ್ಲದೆ ಕುಳಿತವರಿಗೆ ಅಪಾಯಕಾರಿ. ಸಣ್ಣ ಡಿಕ್ಕಿಯಲ್ಲಿಯೂ ತಲೆ ಉಕ್ಕಿಗೆ ಬಡಿಯಬಹುದು. ಓಡಿಸುವವನೊಬ್ಬನ ರಕ್ಷಣೆಗೆಂದು ಮಾಡಿದ ಏರ್ಪಾಡು ಸಂಸಾರಕ್ಕೆ ಅಪಾಯವಾಗುವುದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ನೀತಿಗ್ರಂಥವೂ ಹೇಳಲಾರದು. ಬೆಸೆದ ಆ ಪಂಜರದ ಮೊದಲ ಕೊಳವೆಯಲ್ಲಿಯೇ ಗಾಡಿ ಇನ್ನೊಂದಾಯಿತೆಂದು ನಾನು ಎಣಿಸುತ್ತೇನೆ. ನಾಗಸೇನನು ಏನೆನ್ನುವನೋ ತಿಳಿಯದು.

ಇದಕ್ಕೊಂದು ಆಕ್ಷೇಪಣೆ ಬರಬಹುದು. “ಮಕ್ಕಳು ಬೆಳೆದು ದೂರ ಹೋದರು, ತಂದೆ ತೀರಿಕೊಂಡನು, ಹಿಂದಿನ ಆಸನದಲ್ಲಿ ಕೂರುವವರು ಯಾರೂ ಇಲ್ಲ. ಕೂರುವವರಿಲ್ಲದ ಆಸನವನ್ನು ಹೊತ್ತು ತಿರುಗುವುದು ಮೂಢಭಕ್ತಿಯಲ್ಲವೆ?” ಆಕ್ಷೇಪಣೆಯಲ್ಲಿ ಬಲವಿದೆ. ಯಾರೂ ಉಣ್ಣದ ಮನೆಯಲ್ಲಿ ದೊಡ್ಡ ಕಡಾಯಿಯನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವವರನ್ನು ನಾವು ಬಲ್ಲೆವು. ಆದರೆ ‘ಯಾರೂ ಇಲ್ಲ’ ಎಂಬುದನ್ನು ಯಾರು ನಿರ್ಣಯಿಸಿದರು? ರಿಜಿಸ್ಟ್ರಿಯಲ್ಲಿ ಗಾಡಿ ಒಬ್ಬನ ಹೆಸರಿನಲ್ಲಿರುವುದು. ಅದರ ನೆನಪು ಅವಿಭಕ್ತ ಕುಟುಂಬದ ಆಸ್ತಿ. ಹಿಂದಕ್ಕೆ ಮುಖ ಮಾಡಿದ ಆ ಆಸನದಲ್ಲಿ ಅಣ್ಣನ ಪಕ್ಕದಲ್ಲಿ ತಂಗಿಯೂ ಕುಳಿತಿದ್ದಳು. ಗಾಡಿ ಅಣ್ಣನ ಕೈಗೆ ಬಂದುದು ಅವನಿಗೆ ಯಂತ್ರಗಳ ಮೇಲೆ ಆಸೆಯಿತ್ತೆಂಬ ಕಾರಣಕ್ಕಿರಬಹುದು, ಅವಳಿಗೆ ನಿಲ್ಲಿಸಲು ಸ್ಥಳವಿಲ್ಲದ್ದಕ್ಕಿರಬಹುದು. ಮುದುಕಿಯಾದ ತಾಯಿ ಇನ್ನೂ ಇದ್ದಾಳೆ. ದೊನ್ನೆಯಂತೆ ಮೈಯನ್ನು ಅಪ್ಪಿ ಹಿಡಿಯುವ ಓಟದ ಆಸನದೊಳಕ್ಕೆ ಅವಳು ಇಳಿಯಲಾರಳು, ಇಳಿದರೆ ಏಳಲಾರಳು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬೇರೆ ಗಾಡಿಯಿದೆಯೆಂದು ಮಗನು ಹೇಳುವನು. ಇರಲಿ. ತನ್ನ ಗಂಡನ ಗಾಡಿಯಲ್ಲಿ ತನಗೆ ಸ್ಥಳವಿಲ್ಲವೆಂಬುದನ್ನು ಅವಳು ಎಂದಾದರೂ ಬಾಯಿಬಿಟ್ಟು ಹೇಳುವಳೆ? ಹೇಳದಿರುವುದನ್ನು ಒಪ್ಪಿಗೆಯೆಂದು ತಿಳಿಯುವ ಅಭ್ಯಾಸ ಗಂಡುಮಕ್ಕಳಲ್ಲಿ ಸ್ವಲ್ಪ ಹೆಚ್ಚೇ ಇದೆ.

ಗಾಡಿಯೊಳಗೆ ಕುಳಿತವರ ಮಾತು ಇದಾಯಿತು. ಹೊರಗಿನವರ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ರಸ್ತೆ ಎಲ್ಲರದು. ಜರ್ಮನಿಯಲ್ಲಿ ಗಾಡಿಯಲ್ಲಿ ಮಾಡಿದ ಬದಲಾವಣೆಗಳನ್ನು ಪರೀಕ್ಷಕರಿಗೆ ತೋರಿಸಿ ಕಾಗದಪತ್ರಗಳಲ್ಲಿ ದಾಖಲು ಮಾಡಿಸಬೇಕು. ಅಲ್ಲಿಯೇ ನ್ಯೂರ್‌ಬರ್ಗ್‌ರಿಂಗ್‌ನ ೨೦ ಕಿಲೊಮೀಟರಿಗೂ ಮೀರಿದ ಹಳೆಯ ಸುತ್ತಿನಲ್ಲಿ ನಿಗದಿಯಾದ ದಿನಗಳಲ್ಲಿ ಹಣ ತೆತ್ತು ಯಾರು ಬೇಕಾದರೂ ತಮ್ಮ ಗಾಡಿಯನ್ನು ಓಡಿಸಬಹುದು. ನಮ್ಮ ದೇಶದ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣ, ತಯಾರಕರು ನಿರ್ದೇಶಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ; ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಕಾನೂನು ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದು ಬೇರೆ ವಿಷಯ. ಶಾಲೆಯ ಮುಂದಿನ ರಸ್ತೆಯಲ್ಲಿ ತನ್ನ ಹೊಸ ಎಂಜಿನಿನ ಶಕ್ತಿಯನ್ನು ಪರೀಕ್ಷಿಸುವವನಿಗೆ ತತ್ತ್ವವಿಚಾರದ ಅಗತ್ಯವಿಲ್ಲ, ಪೋಲೀಸಿನವರೇ ಸಾಕು.

ಹಾಗಾದರೆ ಮಗನು ಮಾಡಬಹುದಾದದ್ದು ಎಷ್ಟು? ಬೇಕಾದಷ್ಟಿದೆ. ಬ್ರೇಕನ್ನು ಹೆಚ್ಚಿಸಿದರೆ ತಂದೆಯ ಅಭಿಪ್ರಾಯವನ್ನೇ ಮುಂದುವರಿಸಿದಂತೆ. ಅಡ್ಡ ಸರಳನ್ನು ದಪ್ಪಗೊಳಿಸಿದರೆ ಹಿಂದೆ ಕುಳಿತವರು ತಿರುವಿನಲ್ಲಿ ಕಡಮೆ ಓಲಾಡುವರು. ಸ್ಪ್ರಿಂಗಿನಲ್ಲಿ ಮಾತ್ರ ತಡೆದು ನೋಡಬೇಕು. ಎಸ್ಟೇಟ್ ಗಾಡಿಯ ಹಿಂದಿನ ಸ್ಪ್ರಿಂಗುಗಳು ಸಾಮಾನನ್ನು ಹೊರಲೆಂದು ಮೊದಲೇ ಬಲವಾಗಿರುತ್ತವೆ. ಇನ್ನಷ್ಟು ಬಿಗಿಗೊಳಿಸಿದರೆ, ಖಾಲಿ ಗಾಡಿಯ ಹಿಂಬದಿ ಹಳ್ಳಗಳಲ್ಲಿ ಎಗರಿ ಟೈರು ನೆಲವನ್ನೇ ಬಿಡುವುದು. ಅಲ್ಲಿ ಓಟವೂ ಕೆಡುತ್ತದೆ, ಮುದುಕಿಯ ಬೆನ್ನೂ ಕೆಡುತ್ತದೆ. ಇಬ್ಬರ ಹಿತವೂ ಒಂದೇ ಅಳತೆಯಲ್ಲಿ ಕೂಡುವ ಇಂಥ ಜಾಗಗಳು ನಾವು ಊಹಿಸುವುದಕ್ಕಿಂತ ಹೆಚ್ಚಾಗಿವೆ. ಹುಡುಕುವ ಸಹನೆ ಬೇಕು.

ಈ ಹವ್ಯಾಸದವರಲ್ಲಿ ಒಂದು ಪದ್ಧತಿಯನ್ನು ಕಂಡು ನನಗೆ ಮೆಚ್ಚಿಕೆಯಾಗಿದೆ. ಅವರಲ್ಲಿ ವಿವೇಕಿಗಳು ಕತ್ತರಿಸುವ, ಬೆಸೆಯುವ ಕೆಲಸಕ್ಕೆ ಸುಲಭವಾಗಿ ಕೈಹಾಕುವುದಿಲ್ಲ. ಬೋಲ್ಟು ಬಿಚ್ಚಿ ಬೋಲ್ಟು ಹಾಕುವುದರಲ್ಲಿಯೇ ನಿಲ್ಲುತ್ತಾರೆ. ತೆಗೆದ ಭಾಗಗಳನ್ನು ಮಾರುವುದಿಲ್ಲ. ಹಳೆಯ ಸ್ಪ್ರಿಂಗುಗಳಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಯಾವುದು ಎಡದ್ದು ಯಾವುದು ಬಲದ್ದು ಎಂದು ಚೀಟಿ ಕಟ್ಟಿ ಕೊಟ್ಟಿಗೆಯ ಅಟ್ಟದಲ್ಲಿಡುತ್ತಾರೆ. ಮೂಲ ಎಂಜಿನು ಹಲಗೆಯ ಪೀಠದ ಮೇಲೆ ಧೂಳು ಬೀಳದಂತೆ ಮುಚ್ಚಿಕೊಂಡು ಕುಳಿತಿರುತ್ತದೆ. ಇದನ್ನು ನೋಡಿದರೆ ಹಾಬ್ಸನು, ತಾನು ಹೇಳಿದ ಎರಡನೆಯ ನಾವೆಯನ್ನು ಒಬ್ಬನು ಬಿಡಿಬಿಡಿಯಾಗಿ ಕೂಡಿಡುತ್ತಿದ್ದಾನೆಂದು ನಗುತ್ತಿದ್ದನೋ ಏನೋ. ಆದರೆ ಆ ಚೀಟಿಗಳನ್ನು ಅವನು ಬರೆದಿಟ್ಟದ್ದು ತನಗಾಗಿಯಲ್ಲ, ಯಾವುದು ಎಡದ್ದೆಂದು ಅವನಿಗೆ ಗೊತ್ತೇ ಇದೆ. ತನ್ನ ತರುವಾಯ ಆ ಗಾಡಿ ಯಾರ ಕೈಗೆ ಬರುವುದೋ, ಮಗಳಿಗೋ, ತಂಗಿಯ ಮಗನಿಗೋ, ಅವರಿಗೆ ಓಟ ಬೇಡವಾಗಿ ಬರಿಯ ಗಾಡಿ ಬೇಕಾದರೆ ಒಂದು ವಾರದ ಕೆಲಸದಲ್ಲಿ ಅದು ಸಿಕ್ಕಲೆಂದು ಬರೆದದ್ದು.